ಎರ್ಮೆಟೆಯ ಟೈರಿನ ಗಾಳಿ
ಇಟಲಿಯ ಕಿಯಾಂತಿ ಬೆಟ್ಟಸೀಮೆಯ ಬಿಳಿ ಜಲ್ಲಿದಾರಿಗಳಲ್ಲಿ ಪ್ರತಿ ಭಾನುವಾರ ಸೈಕಲ್ ತುಳಿಯುವ ಮುದುಕರ ಯಾವ ಗುಂಪಿನಲ್ಲೂ ಎರ್ಮೆಟೆಯಂಥವನೊಬ್ಬ ಇದ್ದೇ ಇರುತ್ತಾನೆ. ಅವನ ಪ್ರಕಾರ ಜಗತ್ತಿನ ಸಕಲ ಕೇಡಿಗೂ ಮೂಲ ಟೈರಿನ ಗಾಳಿ. ದ್ರಾಕ್ಷಿತೋಟಗಳ ನಡುವೆ ಏರು ಶುರುವಾಯಿತೆಂದರೆ ಸಾಕು, ಸೈಕಲ್ಲಿನಿಂದ ಇಳಿಯುತ್ತಾನೆ. ಹಣ್ಣು ಮಾಗಿದೆಯೇ ಎಂದು ನೋಡುವವನಂತೆ ಟೈರನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ, ಒಂದಿಷ್ಟು ಗಾಳಿ ಬಿಡುತ್ತಾನೆ, ಮತ್ತೆ ಅಷ್ಟನ್ನೇ ತುಂಬುತ್ತಾನೆ. "ಗಾಳಿ ಹೋಗಿದ್ದು ಟೈರಿಂದಲೋ ನಿನ್ನಿಂದಲೋ, ಯಜಮಾನ?" ಎಂದು ಜೊತೆಯ ಸವಾರ ದಾರಿಯೊ ಕೆಣಕಿದರೆ, "ಇದು ಭೌತಶಾಸ್ತ್ರ ಕಣಯ್ಯಾ, ನಿಂಗೆ ಅರ್ಥವಾಗಲ್ಲ" ಎನ್ನುತ್ತಾನೆ. ಬೆಟ್ಟದ ತುದಿಯ ಹಳೆಯ ಕೋಟೆಯೂರನ್ನು ಎಲ್ಲರಿಗಿಂತ ಕೊನೆಗೆ ಮುಟ್ಟಿದವನು ಎಲ್ಲರ ಬಾಟಲಿಗೂ ಚೌಕದ ನಲ್ಲಿಯಿಂದ ನೀರು ತುಂಬಬೇಕೆಂಬುದು ಗುಂಪಿನ ಕಟ್ಟಳೆ. ಆ ಕೆಲಸ ವರ್ಷವಿಡೀ ಎರ್ಮೆಟೆಯದೇ. ಕಳೆದ ತಿಂಗಳು ಗುಂಪಿನ ಇನ್ನೊಬ್ಬ ಮುದುಕ ಫುಲ್ವಿಯೊ ತನ್ನ ಮೊಮ್ಮಗಳ ಮದುವೆಗೆ ಹೋಗಿದ್ದ ಭಾನುವಾರ ಮಾತ್ರ ಎರ್ಮೆಟೆ ಒಮ್ಮೆಯೂ ಇಳಿಯದೆ, ಶಿಳ್ಳೆ ಹಾಕುತ್ತ ಎಲ್ಲರಿಗಿಂತ ಮೊದಲು ಊರು ಮುಟ್ಟಿದ. ಹೃದಯದ ಆಪರೇಷನ್ ಆದ ಮೇಲೆ ಫುಲ್ವಿಯೊ, "ನನಗೋಸ್ಕರ ಯಾರಾದ್ರೂ ಕಾದ್ರೆ ಅವತ್ತೇ ಸೈಕಲ್ ಬಿಟ್ಟುಬಿಡ್ತೀನಿ" ಎಂದು ಆಣೆ ಹಾಕಿದ್ದು ಆಗ ಉಳಿದವರಿಗೆ ನೆನಪಾಯಿತು. ಮುಂದಿನ ಭಾನುವಾರ ಮೊದಲ ಏರಿನಲ್ಲೇ ಎರ್ಮೆಟೆ ಇಳಿದು ಗಾಳಿ ಬಿಡುತ್ತಿದ್ದಾಗ, ಹಿಂದಿನಿಂದ ಏದುಸಿರು ಬಿಡುತ್ತ ಬಂದ ಫುಲ್ವಿಯೊ, "ಲೋ ಮುದುಕ, ನಿನ್ನ ಕಾಯೋದ್ರಲ್ಲೇ ನನ್ನ ಸವಾರಿ ಹಾಳಾಯ್ತು!" ಎಂದು ಗದರಿ ಕಲ್ಲಿನ ಮೇಲೆ ಕೂತ. "ತಪ್ಪಾಯ್ತು ಮಾರಾಯ, ಹಿಂದಿನ ಚಕ್ರ ಒಂದು ಬಾಕಿ" ಎಂದ ಎರ್ಮೆಟೆ. ದಾರಿಯೊ ಈ ಸಲ ಕೆಣಕಲಿಲ್ಲ. ತಾನೂ ಇಳಿದು ತನ್ನ ಟೈರನ್ನು ಒತ್ತಿ ನೋಡಿ, "ನಂದ್ರಲ್ಲೂ ಗಾಳಿ ಸ್ವಲ್ಪ ಜಾಸ್ತಿ ಇದೆ" ಎಂದ.