ಕಲ್ಲೋಳಿ ಬರುವವರೆಗೆ

ಬಸಪ್ಪ ಕಾಕಾ ಒಂದು ಊರಿನ ಹೆಸರು ಹೇಳಬೇಕಾದರೆ ಗೋಕಾಕದಿಂದ ಹೊರಡಬೇಕಿತ್ತು. ಇಪ್ಪತ್ತೆಂಟು ವರ್ಷ ಗೋಕಾಕ–ಮೂಡಲಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಲಕ್ವಾ ಹೊಡೆದು ಮಾತು ಹೋಯಿತು. ಸಾಲಾಗಿ ಕೂಗುತ್ತಿದ್ದ ನಿಲ್ದಾಣಗಳು ಮಾತ್ರ ನಾಲಿಗೆಯಲ್ಲಿ ಉಳಿದವು. ಬೇಕಾದ ಊರು ಬಂದಾಗ ನಿಲ್ಲುತ್ತಿದ್ದರು.

ಮಾತು ಕಳೆದುಕೊಂಡವರ ಬದುಕಿನ ಕುರಿತ ಅಧ್ಯಯನಕ್ಕಾಗಿ ನಾನು ಧಾರವಾಡದಿಂದ ವಿಡಿಯೊ ಕರೆಯಲ್ಲಿ ಅವರನ್ನು ಸಂದರ್ಶಿಸುತ್ತಿದ್ದೆ. ಕಲ್ಲೋಳಿಯ ಮನೆಯಲ್ಲಿ, ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಕೂತಿರುತ್ತಿದ್ದರು. ಮೊದಲ ದಿನ ಹುಟ್ಟಿದ ಊರು ಕೇಳಿದೆ. "ಗೋಕಾಕ... ಲೋಳಸೂರ..." ಎಂದು ತಡೆದರು. ನಾನು ತಾಳಲಾರದೆ, ಲೋಳಸೂರವೇ ಎಂದೆ. ಹೂಂ ಎಂದು ತಲೆಯಾಡಿಸಿದರು. ಬರೆದುಕೊಂಡೆ.

ಹೆಂಡತಿ ಶಾಂತವ್ವ ಫೋನನ್ನು ತಮ್ಮತ್ತ ತಿರುಗಿಸಿಕೊಂಡರು. "ತಡೀರಿ, ಇನ್ನೂ ಊರು ಬಂದಿಲ್ಲ. ಪ್ಯಾಸೆಂಜರ್ ಜೋಡಿ ಇದ್ದು ಇದ್ದು ಯಾರಿಗೂ ಇಲ್ಲ ಅನ್ನಂಗಿಲ್ಲ ಅವರು. ನೀವು ಏನು ಹೇಳಿದ್ರೂ ಹೂಂ ಅಂತಾರ."

ಅವರು ಹುಟ್ಟಿದ್ದು, ಸಾಲಿನಲ್ಲಿ ಕಲ್ಲೋಳಿಯೂ ದಾಟಿದ ಮೇಲೆ ಬರುವ ನಾಗನೂರಿನಲ್ಲಿ.

ಮೂರನೆಯ ಕರೆಯ ದಿನ ಶಾಂತವ್ವ ಹೊಲಕ್ಕೆ ಹೋಗಿದ್ದರು. ಫೋನು ಹಿಡಿದವನು ಮಗ ಮಹೇಶ. ಹಿಂದೆ ಕಟ್ಟಿಟ್ಟ ಚೀಲ ಕಾಣುತ್ತಿತ್ತು. ಅಪ್ಪನನ್ನು ಅಂದೇ ಮಧ್ಯಾಹ್ನ ಹುಕ್ಕೇರಿಯ ತನ್ನ ಮನೆಗೆ ಕಾಯಂ ಆಗಿ ಕರೆದೊಯ್ಯುತ್ತಿದ್ದ. ಸುಗ್ಗಿ ಮುಗಿಸಿ ತಾಯಿಯೂ ಬರಬೇಕು. "ಅಪ್ಪಾರನ್ನ ಕೇಳೇನ್ರಿ. ಹೂಂ ಅಂದಾರ."

ಆ ಹೂಂ ಎಂಥದೆಂದು ನನಗೆ ಗೊತ್ತಿತ್ತು. ಮನೆಯ ತೀರ್ಮಾನದಲ್ಲಿ ಕೈಹಾಕುವುದು ನನ್ನ ಕೆಲಸವಲ್ಲ. ಅಧ್ಯಯನದ ಪಟ್ಟಿಯಲ್ಲಿದ್ದ ಪ್ರಶ್ನೆಯನ್ನೇ ಕಾಕಾನಿಗೆ ಕೇಳಿದೆ: ನಿಮಗೆ ಎಲ್ಲಿರಬೇಕು ಅನಿಸುತ್ತದೆ?

"ಗೋಕಾಕ..."

ಮಹೇಶ ನಕ್ಕ. "ಹೊಂಟ್ತ ನೋಡ್ರಿ ಬಸ್ಸು."

ಅವರು ಮುಗಿಸುವವರೆಗೆ ಸುಮ್ಮನಿರಲು ಅವನನ್ನು ಕೇಳಿಕೊಂಡೆ. "ಲೋಳಸೂರ..." ಎಂದರು. ಚಿತ್ರ ನಿಂತಿತು. ಹೆಸರು ಹುಡುಕುತ್ತಿದ್ದಾರೋ, ನೆಟ್‌ವರ್ಕ್ ಹೋಗಿದೆಯೋ ತಿಳಿಯಲಿಲ್ಲ. ಹಲೋ ಎಂದರೆ ಸಾಲು ಮುರಿದು ಮತ್ತೆ ಗೋಕಾಕದಿಂದ ಹೊರಡಬೇಕು. ಗಡಿಯಾರ ನೋಡುತ್ತ ಕೂತೆ. ನಲವತ್ತು ಸೆಕೆಂಡು. ಚಿತ್ರ ಅಲುಗಿತು.

"ಕಲ್ಲೋಳಿ," ಎಂದು ಬಾಯಿ ಮುಚ್ಚಿದರು.

ಮಹೇಶ ಕಾದ. ಮುಂದಿನ ಊರು ಬರಲಿಲ್ಲ. ಆತ ಫೋನನ್ನು ಒರಗಿಸಿಟ್ಟು ಎದ್ದು ಹೋಗಿ ಚೀಲ ಬಿಚ್ಚತೊಡಗಿದ.

ನಾನು ಕಾಕಾನನ್ನು ಕಂಡದ್ದು ಅದೇ ಕೊನೆ. ಮರುವರ್ಷ ಅದೇ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿಸಿದ ಮಹೇಶ, ಅಪ್ಪನ ದನಿ ನನ್ನ ಬಳಿ ಉಳಿದಿದೆಯೇ ಎಂದು ಕೇಳಿದ. ಅಧ್ಯಯನದ ನಿಯಮದಂತೆ ಧ್ವನಿಮುದ್ರಣ ಅಳಿಸಿದ್ದೆ. ಬರೆದಿಟ್ಟದ್ದು ಮಾತ್ರ ಇದೆ ಎಂದೆ. ಓದಲು ಹೇಳಿದ.

ಓದಿದೆ. ಮೌನವಿದ್ದಲ್ಲೆಲ್ಲ ಎಷ್ಟು ಸೆಕೆಂಡು ಎಂದು ಗುರುತು ಹಾಕಿದ್ದೆ; ಅವನ್ನು ಬಿಟ್ಟು ಮುಂದೆ ಹೋದೆ.

"ನಡುವ ಸುಮ್ಮನಿದ್ರಲ್ರಿ ಅಪ್ಪಾರು," ಎಂದ ಮಹೇಶ. "ಅದನ್ನೂ ಓದ್ರಿ."