ಸುಂದ್ರಮ್ಮ ಆಸ್ಪತ್ರೆಯಿಂದ ಓಡಿಹೋಗುತ್ತಿದ್ದುದೇಕೆ

ಕಣ್ಣು ಬಿಟ್ಟಾಗ ಸುಂದ್ರಮ್ಮನಿಗೆ ಮೊದಲು ಕಂಡಿದ್ದು ತಲೆಯ ಮೇಲೆ ತೂಗುತ್ತಿದ್ದ ಗ್ಲೂಕೋಸ್ ಬಾಟಲಿ. ಹುಣಸೂರಿನ ಆಸ್ಪತ್ರೆಯ ತುರ್ತು ವಾರ್ಡು ಅದೆಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಆ ಮಂಚ ಅವಳಿಗೆ ಹೊಸದಲ್ಲ. ಗಾವಡಗೆರೆಯ ರಸ್ತೆಯಲ್ಲಿ ಫಿಟ್ಸ್ ಬಂದು ಬಿದ್ದವಳನ್ನು ಯಾರೋ ಆಂಬುಲೆನ್ಸ್ ಹತ್ತಿಸಿ ಕಳಿಸಿದ್ದರು. ಕಿಟಕಿಯಾಚೆ ಬಿಸಿಲು ನೆತ್ತಿಗೇರಿತ್ತು. ಅದನ್ನು ನೋಡಿದ್ದೇ ಅವಳಿಗೆ ಮನೆ ನೆನಪಾಯಿತು.

ಬೆಳಿಗ್ಗೆ ಮನೆಗೆ ಹೊರಗಿನಿಂದ ಬೀಗ ಹಾಕಿ ಬಂದಿದ್ದಳು. ಒಳಗೆ ತಂಗಿ ಪುಟ್ಟಗೌರಿ. ಒಲೆಯಲ್ಲಿ ಕೆಂಡ ಹಾಗೇ ಇತ್ತು.

ಪುಟ್ಟಗೌರಿಗೆ ನಲವತ್ತರ ಹತ್ತಿರ ವಯಸ್ಸು, ಬುದ್ಧಿ ಮಾತ್ರ ಎಳೆ ಮಗುವಿನದು. ಅವ್ವ ತೀರಿಕೊಂಡ ಮೇಲೆ ಅವಳು ಅಕ್ಕನ ಮನೆಗೆ ಬಂದಳು. 'ಇವಳನ್ನ ಎಲ್ಲಾದ್ರೂ ಸೇರ್ಸು, ಇಲ್ಲಾಂದ್ರೆ ನಾನೇ ಓಯ್ತೀನಿ' ಎಂದ ಗಂಡ ಒಂದು ದಿನ ಹೇಳಿದಂತೆಯೇ ಹೋದ. ಸುಂದ್ರಮ್ಮ ಹೊಗೆಸೊಪ್ಪಿನ ಕೂಲಿಗೆ ನಿಂತಳು. ಎಲೆಯನ್ನು ಕಡ್ಡಿಗೆ ಕಟ್ಟಿ ಕಟ್ಟಿ ಸಂಜೆಯ ಹೊತ್ತಿಗೆ ತೋಳು ಎತ್ತಲಾಗುತ್ತಿರಲಿಲ್ಲ. ನೋವಿಗೆಂದು ಜೊತೆಯವಳೊಬ್ಬಳು ಕೊಟ್ಟ ಅಗ್ಗದ ಮದ್ಯದ ಪ್ಯಾಕೆಟ್ಟು ಮೊದಮೊದಲು ಸಂತೆಯ ದಿನಕ್ಕೆ ಮಾತ್ರ ಇತ್ತು. ಆಮೇಲೆ ದಿನವೂ ಬೇಕಾಯಿತು, ಕೊನೆಗೆ ಎದ್ದ ಕೂಡಲೇ ಬೇಕಾಯಿತು. ಕುಡಿಯದಿದ್ದರೆ ಕೈ ನಡುಗಿ ಮುದ್ದೆ ತಿರುವಲಾಗುತ್ತಿರಲಿಲ್ಲ. ಮುದ್ದೆ ಆಗದಿದ್ದರೆ ಪುಟ್ಟಗೌರಿಗೆ ಊಟವಿಲ್ಲ.

ಈ ಸಲ ಹಟ ಹಿಡಿದು ಎರಡು ದಿನ ಕುಡಿಯುವುದನ್ನು ಬಿಟ್ಟಿದ್ದಳು. ಮೂರನೆಯ ಬೆಳಿಗ್ಗೆ ಮೈಯೆಲ್ಲ ನಡುಗಿ ಗೋಡೆಯ ಮೇಲೆ ಇರುವೆ ಹರಿದಂತೆ ಕಂಡಿತು. ಒಂದೇ ಒಂದು ಪ್ಯಾಕೆಟ್ಟು ತಂದುಬಿಡೋಣವೆಂದು ಹೊರಟವಳು ಅಂಗಡಿ ಮುಟ್ಟಿರಲಿಲ್ಲ.

ಹಿಂದೆಯೂ ಎರಡು ಸಲ ಹೀಗೇ ಬಂದು, ಸೂಜಿ ಕಿತ್ತು ಓಡಿಹೋಗಿದ್ದಳು. ಕುಡಿಯಲು ಓಡುತ್ತಾಳೆ ಎಂದು ವಾರ್ಡಿನವರೆಲ್ಲ ತಿಳಿದಿದ್ದರು. ತಿಳಿದುಕೊಳ್ಳಲಿ ಎಂದು ಅವಳೂ ಸುಮ್ಮನಿದ್ದಳು. ಒಮ್ಮೆ ಮನೆಗೆ ಬಂದ ಯಾರೋ ಅಧಿಕಾರಿ ಬೀಗ ಕಂಡು, 'ಇಂಥವ್ರನ್ನ ಕೂಡಿ ಹಾಕೋ ಹಾಗಿಲ್ಲಮ್ಮ, ಆಶ್ರಮಕ್ಕೆ ಕಳಿಸ್ಬೇಕಾಗುತ್ತೆ' ಎಂದಿದ್ದ. ಅಂದಿನಿಂದ ಅವಳು ತಂಗಿಯ ವಿಷಯವನ್ನೇ ಯಾರ ಮುಂದೆಯೂ ಎತ್ತಿರಲಿಲ್ಲ. ಬೀಗ ಹಾಕದಿದ್ದರೆ ಪುಟ್ಟಗೌರಿ ನೇರ ಕೆರೆಗೆ ಇಳಿಯುತ್ತಿದ್ದಳು.

ಎದ್ದು ಕೂತು ಸೂಜಿಗೆ ಕೈ ಹಾಕಿದಳು.

"ಕುಡಿತ ಒಮ್ಮೆಲೇ ಬಿಟ್ರೆ ಹೀಗೇ ಆಗೋದು. ಇವತ್ತು ಎದ್ದು ಹೋದ್ರೆ ದಾರೀಲೇ ಮತ್ತೆ ಫಿಟ್ಸ್ ಬರುತ್ತೆ. ಪ್ರಾಣಕ್ಕೇ ಅಪಾಯ ಕಣಮ್ಮ," ಎಂದರು ಡಾಕ್ಟರ್ ಉಮಾಶಂಕರ. ಅಷ್ಟರಲ್ಲಿ ಬಾಗಿಲಲ್ಲಿ ಬೈಕ್ ಅಪಘಾತದ ಗಾಯಾಳು ಬಂದ. ಅವರು ಅತ್ತ ಓಡಿದರು.

ಸುಂದ್ರಮ್ಮ ಸೂಜಿ ಕಿತ್ತಳು. ಮೊಣಕೈವರೆಗೆ ರಕ್ತ ಇಳಿಯಿತು. ಗೋಡೆ ಹಿಡಿದು ಬಾಗಿಲು ದಾಟುವಷ್ಟರಲ್ಲಿ ಕಾಲು ಸೋತು ಕುಸಿದಳು. ಹಿಂದೆಯೇ ಬಂದ ನರ್ಸ್ ನಿಖತ್ ಹತ್ತಿಯನ್ನು ರಕ್ತದ ಮೇಲೆ ಒತ್ತಿ ಹಿಡಿದು ಪಕ್ಕದಲ್ಲೇ ಕೂತಳು.

"ಬುಡಿ ಸಿಸ್ಟ್ರೇ, ನನ್ನ ಓಗಕ್ ಬುಡಿ."

ಕುಡಿತದ ಮಾತನ್ನು ನಿಖತ್ ಎತ್ತಲಿಲ್ಲ. "ಮನೇಲಿ ಯಾರಿದ್ದಾರಮ್ಮ?" ಎಂದಳು.

"ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರೆ ಇಷ್ಟೊಂದು ಯಾಕೆ ಅಳ್ತಿದ್ದೀರಿ?"

ಸುಂದ್ರಮ್ಮನಿಗೆ ತಾನು ಅಳುತ್ತಿರುವುದೇ ಗೊತ್ತಿರಲಿಲ್ಲ. ಹೇಳಿದರೆ ತಂಗಿಯನ್ನು ಕರೆದೊಯ್ಯುತ್ತಾರೆ. ಹೇಳದಿದ್ದರೆ ಆ ಕೆಂಡ... ಪುಟ್ಟಗೌರಿಗೆ ಬೆಂಕಿಯೆಂದರೆ ಆಟ.

"ತಂಗಿ ಅವ್ಳೆ," ಎಂದಳು ಕೊನೆಗೆ. "ಬುದ್ಧಿ ಇಲ್ಲ ಕಣವ್ವ ಅದಕ್ಕೆ. ಬೀಗ ಆಕ್ಕೊಂಡ್ ಬಂದಿವ್ನಿ. ಒಲೆ ಆರ್ಸಿಲ್ಲ. ನಿನ್ ಕಾಲಿಗ್ ಬೀಳ್ತೀನಿ, ಆಶ್ರಮದೋರಿಗೆ ಮಾತ್ರ ಹೇಳ್ಬ್ಯಾಡ."

ನಿಖತ್ ಒಂದು ಕೈಯಲ್ಲಿ ಫೋನು ತೆಗೆದಳು. ಗಾವಡಗೆರೆಯ ಆಶಾ ಕಾರ್ಯಕರ್ತೆ ರಮ್ಯಾಳಿಗೆ ಕೂತಲ್ಲಿಂದಲೇ ಫೋನು ಮಾಡಿದಳು. "ಸುಂದ್ರಮ್ಮನ ಮನೆ ಬೀಗ ಒಡೆದುಬಿಡಿ ರಮ್ಯಾ, ಒಳಗೆ ಅವರ ತಂಗಿ ಇದ್ದಾರೆ, ಯಾರನ್ನೂ ಕಾಯ್ಬೇಡಿ."

ಆಮೇಲೆ ಕಾಯುವುದೊಂದೇ ಉಳಿಯಿತು. ಮತ್ತೆ ಮಂಚಕ್ಕೆ ಒಯ್ದು ಮಲಗಿಸಿದರು. ಸುಂದ್ರಮ್ಮನಿಗೆ ಫ್ಯಾನಿನ ಸದ್ದಿನಲ್ಲಿ ತಂಗಿಯ ಕೂಗು ಕೇಳಿಸಿತು. ಮೂಗಿಗೆ ಹೊಗೆಯ ವಾಸನೆ ಬಂತು. ಅದು ನಿಜವೋ ತಲೆಯೊಳಗಿನದೋ ತಿಳಿಯದೆ ನಿಖತ್‌ಳ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು. ಒಂದು ಸಲ ಫೋನು ಬಡಿದುಕೊಂಡಿತು; ಅದು ಇನ್ಯಾರದೋ ಕರೆ. ಎರಡನೆಯ ಸಲ ರಮ್ಯಾ.

"ಮನೆಯೆಲ್ಲ ಹೊಗೆ ತುಂಬ್ಕೊಂಡಿತ್ತು ಸಿಸ್ಟರ್. ಕೌದಿಗೆ ಕಿಡಿ ತಾಗಿತ್ತು. ಅವಳು ಮೂಲೇಲಿ ಮುದುರಿ ಕೂತಿದ್ಲು. ಒಂದು ಕೈ ಸುಟ್ಟದೆ, ಉಸಿರಾಡ್ತಾವ್ಳೆ. ಕರ್ಕೊಂಡ್ ಬತ್ತಾ ಇದ್ದೀನಿ."

ಪುಟ್ಟಗೌರಿಯನ್ನು ಪಕ್ಕದ ಮಂಚದ ಮೇಲೆ ಕೂರಿಸಿದಾಗ ಅವಳ ಮುಖವೆಲ್ಲ ಮಸಿ. ಡಾಕ್ಟರು ಸುಟ್ಟ ಕೈಗೆ ಮುಲಾಮು ಹಚ್ಚುವಾಗ ಕಿರುಚಿದವಳು ಅಕ್ಕನನ್ನು ಕಂಡು ಸುಮ್ಮನಾದಳು. ಸುಂದ್ರಮ್ಮ ತಾನಾಗಿಯೇ ತೋಳು ಚಾಚಿ, "ಚುಚ್ಚಿ ಸಿಸ್ಟ್ರೇ, ಇನ್ನ ಎಲ್ಲೂ ಓಗಲ್ಲ," ಎಂದಳು.

ಆಸ್ಪತ್ರೆಯಲ್ಲಿ ಇಬ್ಬರೂ ಒಂದು ವಾರ ಇದ್ದರು. ನಿಖತ್ ಆಶ್ರಮದವರಿಗೆ ಹೇಳಲಿಲ್ಲ. ಆದರೆ ಬೀಗದ ವಿಷಯ ಡಾಕ್ಟರಿಗೆ ತಿಳಿಸಲೇಬೇಕಾಗುತ್ತದೆ ಎಂದು ಸುಂದ್ರಮ್ಮನಿಗೆ ಮೊದಲೇ ಹೇಳಿಯೇ ತಿಳಿಸಿದಳು. ಸುಂದ್ರಮ್ಮ ಅಂದು ರಾತ್ರಿ ತಂಗಿಯ ಸೆರಗು ಹಿಡಿದೇ ಮಲಗಿದಳು. ಮರುದಿನ ಬಂದ ಆಪ್ತಸಮಾಲೋಚಕರು ತಂಗಿಯನ್ನು ಕಸಿದುಕೊಳ್ಳುವ ಮಾತಾಡದೆ, ಕೂಲಿಗೆ ಹೋದಾಗ ಅವಳನ್ನು ಯಾರು ನೋಡಿಕೊಳ್ಳಬಹುದು ಎಂದು ಕೇಳಿದರು. ರಮ್ಯಾಳ ತಾಯಿ ಭಾಗ್ಯಮ್ಮ ಒಪ್ಪಿದರು. ಪುಟ್ಟಗೌರಿಗೆ ಮಾಸಾಶನ ಮಂಜೂರಾಗಲು ರಮ್ಯಾ ಬಹಳ ದಿನ ಓಡಾಡಬೇಕಾಯಿತು.

ಗೌರಿಹಬ್ಬದ ಹೊತ್ತಿಗೆ ಸುಂದ್ರಮ್ಮ ಮತ್ತೆ ಕುಡಿದಳು. ಮಾರನೆಯ ದಿನ ಯಾರೂ ಕರೆತರದೆ ತಂಗಿಯನ್ನೂ ಕರೆದುಕೊಂಡು ತಾನೇ ಬಸ್ಸು ಹತ್ತಿ ಬಂದು, ತುರ್ತು ವಾರ್ಡಿನ ಬೆಂಚಿನ ಮೇಲೆ ಅವಳ ಪಕ್ಕ ಕೂತಳು. ನಿಖತ್‌ಳನ್ನು ಕಂಡು ತಲೆ ತಗ್ಗಿಸಿ, "ಕುಡ್ದ್ಬುಟ್ಟೆ ಕಣವ್ವ," ಎಂದಳು.

"ನೀವಾಗೇ ಬಂದ್ರಲ್ಲ," ಎಂದು ನಿಖತ್ ಬಿ.ಪಿ. ನೋಡಲು ಅವಳ ತೋಳಿಗೆ ಪಟ್ಟಿ ಸುತ್ತಿದಳು.