ಮೊಮ್ಮಗಳನ್ನು ಕರೆದವರು ಯಾರು?

"ಅಜ್ಜಿ, ನನ್ನ ಕರ್ದಿದ್ದು ದೇವ್ರಾ, ನೀನಾ?"

ಅವರೆಕಾಯಿ ಸುಲಿಯುತ್ತಿದ್ದ ನನ್ನನ್ನು ಮೊಮ್ಮಗಳು ಕರುಣಾ ಹೀಗೆ ಕೇಳಿದಳು. ಲೂಥರನ್ ಸೆಮಿನರಿಯಲ್ಲಿ ಪಾದ್ರಿಯಾಗಲು ಓದುತ್ತಿದ್ದಾಳೆ, ಕಡೇ ವರ್ಷ. ಈ ಸೇವೆಗೆ ದೇವರು ನಿನ್ನನ್ನು ಹೇಗೆ ಕರೆದ ಎಂದು ಪಾದ್ರಿ ದೀಕ್ಷೆಯ ಅರ್ಜಿಯಲ್ಲಿ ಬರೆದುಕೊಡಬೇಕಂತೆ.

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಾನೇ ಕಣಮ್ಮಿ. ಹುಟ್ದಾಗ ನೀನು ಅಳ್ಳೇ ಇಲ್ಲ. ಭಯ ಆಗೋಯ್ತು. ದೇವ್ರೇ, ಇವ್ಳನ್ನ ಉಳಿಸ್ಕೊಡು, ನಿನ್ ಸೇವೆಗೇ ಬುಡ್ತೀನಿ ಅಂತ ಅರಕೆ ಕಟ್ಕಂಡೆ."

ಮಾರನೆಯ ಬೆಳಿಗ್ಗೆ ಅವಳು ಅರ್ಜಿಯಲ್ಲಿ ಆ ಜಾಗ ಖಾಲಿ ಬಿಟ್ಟೇ ಸೆಮಿನರಿಗೆ ಮರಳಲು ಮಳವಳ್ಳಿ ಬಸ್ಸು ಹತ್ತಿದಳು.

ವಾರವಾಯಿತು. ಏನು ಬರೆದಳೋ, ಕೇಳಲು ಹೆದರಿಕೆ. ಇಷ್ಟು ವರ್ಷ 'ಅವಳನ್ನು ಪಾದ್ರಿ ಮಾಡು' ಎಂದು ಪ್ರಾರ್ಥಿಸುತ್ತಿದ್ದವಳು, ಈಗ ಅವಳ ಹೆಸರು ಹೇಳಿ ಸುಮ್ಮನಾಗುತ್ತೇನೆ.